ಗೂಡು ಬಿಟ್ಟ ಫಿಂಚ್ ಮರಿಗಳು ಒಂದೊಂದಾಗಿ ಸಾಯುತ್ತಿವೆ, ಕಾರಣ ಹುಡುಕಲು ಸಹಾಯ ಮಾಡಿ

ಮಾಳಮಡ್ಡಿ ಮನೆ, ಧಾರವಾಡ (ಜುಲೈ 7)

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಫಿಂಚ್, ಅಂದರೆ ಕಾಳು ತಿನ್ನುವ ಪುಟ್ಟ ಪಂಜರದ ಹಕ್ಕಿ, ಸಾಕುತ್ತಿದ್ದೇನೆ. ಇಷ್ಟು ಕೈಸೋತದ್ದು ಇದೇ ಮೊದಲು.

ಮಾಳಿಗೆ ಮೇಲೆ 8 ಅಡಿ ಉದ್ದ, 5 ಅಡಿ ಅಗಲದ ಏವಿಯರಿ, ಅಂದರೆ ಹಕ್ಕಿ ಹಾರಾಡುವಷ್ಟು ದೊಡ್ಡ ಪಂಜರ, ಇದೆ. ಮೇಲೆ ತಗಡು, ಮಳೆ ಬಡಿಯುವ ಪಡುವಣ ಕಡೆಗೆ ತಾಡಪಾಲು. ಒಳಗೆ 7 ಜೋಡಿ ಜೀಬ್ರಾ, 3 ಜೋಡಿ ಬೆಂಗಾಲೀಸ್, ಎರಡೂ ಫಿಂಚ್‌ಗಳೇ. ನೆಲಕ್ಕೆ ಮರಳು ಹಾಕಿದ್ದೇವೆ. ಗೂಡಿಗೆ ಮಣ್ಣಿನ ಕುಡಿಕೆ. ಕಾಳು ಅಂದರೆ ನವಣಿ, ಸಾವಿ, ಸ್ವಲ್ಪ ಸಜ್ಜಿ. ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಇಡುತ್ತೇನೆ.

ಜೂನ್ 10ರಿಂದ ಇವತ್ತಿನವರೆಗೆ 11 ಮರಿ ಹೋದವು. ಎಲ್ಲವೂ ಗೂಡಿನಿಂದ ಚೆನ್ನಾಗಿ ಹೊರಗೆ ಬಂದವು, ಹಾರಾಡಿದವು. ಆಮೇಲೆ ಎರಡು ಮೂರು ವಾರಕ್ಕೆ ಒಂದು ಮರಿ ಮೈ ಉಬ್ಬಿಸಿ ಕೂರುತ್ತದೆ. ಹಗಲೇ ನಿದ್ದೆ. ಕಾಳಿನ ತಟ್ಟೆ ಬಿಟ್ಟು ಏಳುವುದಿಲ್ಲ, ತಿನ್ನುತ್ತಲೇ ಇರುತ್ತದೆ. ಆದರೂ ಕೈಯಲ್ಲಿ ಹಿಡಿದರೆ ಎದೆಮೂಳೆ ಚೂಪಾಗಿ ಬೆರಳಿಗೆ ತಾಗುತ್ತದೆ. ಎರಡು ದಿನ ಹಾಗೇ ಇದ್ದು ಮೂರನೇ ದಿನ ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ದೊಡ್ಡ ಹಕ್ಕಿ ಒಂದಕ್ಕೂ ಏನೂ ಆಗಿಲ್ಲ. ಮೊಟ್ಟೆ ಇಡುತ್ತಿವೆ, ಹಾಡುತ್ತಿವೆ.

ಹಕ್ಕಿ ಅಂಗಡಿಯಲ್ಲಿ ಒಂದು ಹಳದಿ ಪುಡಿ ಕೊಟ್ಟರು, ಟೆಟ್ರಾಸೈಕ್ಲಿನ್ ಅಂತೆ. ಐದು ದಿನ ನೀರಿಗೆ ಹಾಕಿದೆ. ಆ ಐದು ದಿನದಲ್ಲೇ ಮೂರು ಮರಿ ಸತ್ತವು. ಮಗಳು ಬೆಳಿಗ್ಗೆ ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದಾಳೆ. ಕೆಳಗಿನಿಂದಲೇ "ಅವ್ವಾ, ಇವತ್ತು ಎಷ್ಟು?" ಅಂತ ಕೇಳುತ್ತಾಳೆ. ಏನು ಮಾಡಲಿ, ಹೇಳಿ.

ಕೇಶ್ವಾಪುರ ಫಿಂಚ್, ಹುಬ್ಬಳ್ಳಿ (ಜುಲೈ 7)

ಅಕ್ಕಾರ, ಮೊದಲು ಆ ಪುಡಿ ನಿಲ್ಲಿಸಿ. ಯಾವ ರೋಗ ಅಂತ ಗೊತ್ತಿಲ್ಲದೆ ಆಂಟಿಬಯಾಟಿಕ್ ಹಾಕಿದರೆ ಹೊಟ್ಟೆಯ ಒಳ್ಳೆಯ ಜೀವಾಣುಗಳೂ ಹೋಗುತ್ತವೆ. ಆಮೇಲೆ ಬೂಷ್ಟು ಜಾತಿಯ ರೋಗಕ್ಕೆ ದಾರಿ ಆಗುತ್ತದೆ. ಇನ್ನೊಂದು, ಏವಿಯರಿಯಲ್ಲಿ ಸಮುದ್ರ ನೊರೆ ಅನ್ನುವ ಬಿಳಿ ಚಿಪ್ಪು, ಮೊಟ್ಟೆ ಚಿಪ್ಪು ಇಟ್ಟಿರುತ್ತೀರಿ ಅಲ್ವಾ? ಟೆಟ್ರಾಸೈಕ್ಲಿನ್ ಸುಣ್ಣದ ಅಂಶಕ್ಕೆ ಅಂಟಿಕೊಂಡು ಕೆಲಸಕ್ಕೇ ಬಾರದಂತೆ ಆಗುತ್ತದೆ.

ಈಗ ಇಷ್ಟು ಹೇಳಿ. ಸತ್ತ ಮರಿಗಳ ವಯಸ್ಸು ಎಷ್ಟು ದಿನ? ಅಂದಾಜು ಬೇಡ, ದಿನದ ಲೆಕ್ಕ ಬೇಕು. ಹಿಕ್ಕೆ ಹೇಗಿದೆ? ಹಿಕ್ಕೆಯಲ್ಲಿ ಅರಗದ ಇಡೀ ಕಾಳು ಕಾಣುತ್ತದಾ? ಇತ್ತೀಚೆಗೆ ಹೊಸ ಹಕ್ಕಿ ತಂದಿರಾ? ನೆಲ ಒಣಗಿದೆಯಾ?

ಬೆಟಗೇರಿ ಗೌಲ್ಡಿಯನ್, ಗದಗ (ಜುಲೈ 7)

ನನಗೆ ಇದು ಗಾಳಿಚೀಲದ ನುಸಿ ಅನಿಸುತ್ತದೆ. ನನ್ನ ಗೌಲ್ಡಿಯನ್ ಫಿಂಚ್‌ಗಳಿಗೆ ಎರಡು ವರ್ಷದ ಹಿಂದೆ ಬಂದಿತ್ತು. ಉಸಿರಾಟದ ಕೊಳವೆಯಲ್ಲಿ ಕೂತುಬಿಡುವ ನುಸಿ ಅದು. ಹಕ್ಕಿ ಬಾಯಿ ತೆರೆದು ಉಸಿರಾಡುತ್ತದೆ, ಬಾಲ ಮೇಲೆ ಕೆಳಗೆ ಆಡುತ್ತದೆ, ಹಾಡು ನಿಂತುಹೋಗುತ್ತದೆ. ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಮರಿಯನ್ನು ಕಿವಿ ಹತ್ತಿರ ಹಿಡಿಯಿರಿ. ಪ್ರತಿ ಉಸಿರಿಗೂ ಸಣ್ಣಗೆ ಟಿಕ್ ಟಿಕ್ ಅಂತ ಕೇಳಿದರೆ ಅದೇ.

ಕಾಳಿನ ಅಂಗಡಿ, ರಾಣೆಬೆನ್ನೂರು (ಜುಲೈ 8)

ನಮ್ಮದು ಕಿರುಧಾನ್ಯದ ವ್ಯಾಪಾರ. ಹಕ್ಕಿ ಸಾಕುವವರೂ ನಮ್ಮಲ್ಲಿ ಬರುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಚೀಲದ ತಳದ ಕಾಳನ್ನು ಒಮ್ಮೆ ನೋಡಲೇಬೇಕು. ಕೈಯನ್ನು ಮೊಣಕೈವರೆಗೆ ಚೀಲದೊಳಗೆ ಇಳಿಸಿ. ಒಳಗೆ ಬೆಚ್ಚಗೆ ಅನಿಸಿದರೆ, ಮುಗ್ಗಲು ವಾಸನೆ ಬಂದರೆ, ಕಾಳು ಗಂಟು ಕಟ್ಟಿದ್ದರೆ ಹಕ್ಕಿಗೆ ಹಾಕಬೇಡಿ. ಆ ಬೂಷ್ಟಿನ ವಿಷ ಯಕೃತ್ತಿಗೆ ಹೊಡೆಯುತ್ತದೆ. ತೊಳೆದು ಒಣಗಿಸಿದರೂ ವಿಷ ಹೋಗುವುದಿಲ್ಲ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎಣಿಸಿ 100 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೂರು ನಾಲ್ಕು ದಿನದಲ್ಲಿ ಎಷ್ಟು ಮೊಳಕೆ ಬಂತು ನೋಡಿ. ಅರ್ಧಕ್ಕಿಂತ ಕಡಿಮೆ ಬಂದರೆ ಕಾಳು ಹಳೆಯದು, ಸತ್ವ ಇಲ್ಲ.

ಮಾಳಮಡ್ಡಿ ಮನೆ, ಧಾರವಾಡ (ಜುಲೈ 11)

ಎಲ್ಲರ ಮಾತೂ ಕೇಳಿದೆ. ಒಂದೊಂದೇ ಹೇಳುತ್ತೇನೆ.

ಕಾಳು: ನವಣಿ 100ಕ್ಕೆ 86, ಸಾವಿ 79 ಮೊಳಕೆ ಬಂತು. ಮುಗ್ಗಲು ವಾಸನೆ ಇಲ್ಲ. ಹಾಗಾಗಿ ಕಾಳಿನ ಮೇಲಿನ ಅನುಮಾನ ನನಗೆ ಕಡಿಮೆ ಆಗಿದೆ.

ನುಸಿ: ಎರಡು ರಾತ್ರಿ ನಾನು, ನಮ್ಮವರು ಇಬ್ಬರೂ ಕಿವಿಗೊಟ್ಟು ಕೇಳಿದೆವು. ಟಿಕ್ ಟಿಕ್ ಇಲ್ಲ. ಬಾಯಿ ಮುಚ್ಚಿಯೇ ಉಸಿರಾಡುತ್ತವೆ.

ವಯಸ್ಸು: ಮಗಳು ಮರಿ ಒಡೆದ ದಿನ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಅದನ್ನು ಹಿಡಿದು ಲೆಕ್ಕ ಹಾಕಿದೆ. ಸತ್ತ 11ರಲ್ಲಿ 9 ಮರಿ 36ರಿಂದ 48 ದಿನದವು. ಇಷ್ಟು ಹತ್ತಿರ ಹತ್ತಿರ ಇವೆ ಅಂತ ನನಗೇ ಗೊತ್ತಿರಲಿಲ್ಲ.

ಹಿಕ್ಕೆ: ನೀರು ನೀರು, ಹಿಂಭಾಗದ ಪುಕ್ಕಕ್ಕೆ ಅಂಟಿರುತ್ತದೆ. ಇಡೀ ಕಾಳು ಕಾಣಲಿಲ್ಲ.

ಹೊಸ ಹಕ್ಕಿ: ಹೌದು. ಮೇ ಕೊನೆಗೆ ಹುಬ್ಬಳ್ಳಿಯಿಂದ ಒಂದು ಜೋಡಿ ಬೆಂಗಾಲೀಸ್ ತಂದೆ. ನೋಡಲು ಗಟ್ಟಿಮುಟ್ಟಾಗಿದ್ದವು. ಅದೇ ದಿನ ಒಳಗೆ ಬಿಟ್ಟೆ.

ನೆಲ: ನೀರಿನ ತಟ್ಟೆ ಸುತ್ತ ಮರಳು ಯಾವಾಗಲೂ ಹಸಿ. ಮಳೆ ಶುರುವಾದ ಮೇಲೆ ಮರಳು ಬದಲಿಸಿಲ್ಲ.

ನಿನ್ನೆ ಇನ್ನೊಂದು ಹೋಯಿತು. 12.

ಕೇಶ್ವಾಪುರ ಫಿಂಚ್, ಹುಬ್ಬಳ್ಳಿ (ಜುಲೈ 11)

ನಿಮ್ಮ ಮಗಳ ಕ್ಯಾಲೆಂಡರ್ ಅರ್ಧ ಉತ್ತರ ಕೊಟ್ಟಿದೆ ಅಕ್ಕಾರ. ಮರಿ ಯಾವ ವಯಸ್ಸಿಗೆ ಸಾಯುತ್ತದೆ ಅನ್ನುವುದು ದೊಡ್ಡ ಸುಳಿವು.

ಹುಟ್ಟಿ ಮೊದಲ ವಾರದಲ್ಲೇ ಸತ್ತರೆ ತಾಯಿ ತಂದೆ ಕಾವು ಕೊಟ್ಟಿಲ್ಲ, ಗುಟುಕು ಕೊಟ್ಟಿಲ್ಲ, ಇಲ್ಲವೇ ಗೂಡಿನಲ್ಲಿ ರಾತ್ರಿ ರಕ್ತ ಹೀರುವ ಕೆಂಪು ನುಸಿ ಇದೆ. ಜೀಬ್ರಾ ಮರಿ 18ರಿಂದ 21 ದಿನಕ್ಕೆ ಗೂಡು ಬಿಡುತ್ತದೆ. ಆ ವಾರದಲ್ಲಿ ಸತ್ತರೆ ಚಳಿ, ಮಳೆ, ಅಥವಾ ಅಪ್ಪ ಅಮ್ಮ ಮುಂದಿನ ಮೊಟ್ಟೆಗೆ ಕೂತು ಇವನ್ನು ಕೈಬಿಟ್ಟಿವೆ ಅಂತ ಲೆಕ್ಕ. 35 ದಿನಕ್ಕೆ ಮರಿ ಸ್ವಂತ ತಿನ್ನಲು ಕಲಿತಿರುತ್ತದೆ. ಆಮೇಲೆ ಸತ್ತರೆ, ಅದೂ ತಿನ್ನುತ್ತಾ ತಿನ್ನುತ್ತಾ ಬಡಕಲಾಗಿ ಸತ್ತರೆ, ನಾನು ಮೊದಲು ಕರುಳನ್ನೇ ಅನುಮಾನಿಸುತ್ತೇನೆ.

ಮರಿ ಆ ವಯಸ್ಸಿನಲ್ಲಿ ಏನು ಮಾಡುತ್ತದೆ ನೋಡಿ. ನೆಲಕ್ಕೆ ಇಳಿದು ಸಿಕ್ಕಿದ್ದನ್ನೆಲ್ಲ ಕುಕ್ಕುತ್ತದೆ. ನಿಮ್ಮ ನೆಲದಲ್ಲಿ ಹಸಿ ಮರಳು, ಒಂದು ತಿಂಗಳ ಹಿಕ್ಕೆ. ನನ್ನ ಬೆರಳು ಅಲ್ಲಿಗೇ ಹೋಗುತ್ತದೆ.

ಮರಿಯನ್ನು ಅಂಗಾತ ಹಿಡಿದು ಹೊಟ್ಟೆಯ ಪುಕ್ಕ ಬಾಯಿಂದ ಊದಿ ಸರಿಸಿ. ಚರ್ಮ ತೆಳುವಾಗಿರುತ್ತದೆ, ಒಳಗಿನದು ಕಾಣುತ್ತದೆ. ಕರುಳು ಕೆಂಪಾಗಿ ಊದಿಕೊಂಡಿದೆಯಾ ಹೇಳಿ.

ಇನ್ನೊಂದು ಸತ್ತರೆ ದಯವಿಟ್ಟು ಹೂಳಬೇಡಿ. ಸೋಪಿನ ತಣ್ಣೀರಿನಲ್ಲಿ ಪುಕ್ಕ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಿ. ಪುಕ್ಕ ಒಣಗಿದ್ದರೆ ಮೈಯ ಬಿಸಿ ಬೇಗ ಇಳಿಯುವುದಿಲ್ಲ, ಒಳಗೇ ಕೊಳೆಯುತ್ತದೆ. ಫ್ರೀಜರಿನಲ್ಲಿ ಇಡಬೇಡಿ. ಮಂಜುಗಟ್ಟಿದರೆ ಪರೀಕ್ಷೆಗೆ ಕೆಡುತ್ತದೆ. ಒಂದು ದಿನದೊಳಗೆ ಪಶುವೈದ್ಯರ ಕೈಗೆ ತಲುಪಿಸಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ನಿಮ್ಮ ಊರಲ್ಲಿ ಆಗದಿದ್ದರೆ ಅಲ್ಲಿ ವಿಚಾರಿಸಿ.

ಮಾಳಮಡ್ಡಿ ಮನೆ, ಧಾರವಾಡ (ಜುಲೈ 14)

ಊದಿ ನೋಡಿದೆ. ಚೆನ್ನಾಗಿರುವ ಮರಿಯ ಹೊಟ್ಟೆ ಒಳಕ್ಕೆ ಇದೆ, ತಿಳಿ ಬಣ್ಣ. ಉಬ್ಬಿಸಿ ಕೂತ ಮರಿಯದು ಹೊರಕ್ಕೆ ಉಬ್ಬಿದೆ. ಕರುಳಿನ ಸುರುಳಿ ಕೆಂಪಗೆ, ಒದ್ದೆ ದಾರದ ಉಂಡೆ ತರಹ ಚರ್ಮದ ಕೆಳಗೆ ಕಾಣುತ್ತದೆ. ಐದು ವರ್ಷ ಸಾಕಿದ್ದೇನೆ, ಒಮ್ಮೆಯೂ ಹೀಗೆ ತಿರುಗಿಸಿ ನೋಡಿರಲಿಲ್ಲ.

ಆದರೆ ಇವತ್ತು ಮನಸ್ಸು ಮುರಿದಿದೆ. ಬೆಳಿಗ್ಗೆ 7 ಗಂಟೆಗೆ ಹಿಕ್ಕೆ ಕೂಡಿಸಿ ಒಂದು ಲ್ಯಾಬಿಗೆ ಕೊಟ್ಟೆ. "ಏನೂ ಇಲ್ಲ, ಕಾಕ್ಸಿಡಿಯಾ ಇಲ್ಲ, ಹುಳು ಇಲ್ಲ" ಅಂತ ಬರೆದುಕೊಟ್ಟರು. ಕಾಕ್ಸಿಡಿಯಾ ಅಂದರೆ ಕರುಳಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಪರೋಪಜೀವಿಯಂತೆ. ಏನೂ ಇಲ್ಲ ಅಂದರೆ ಮರಿ ಯಾಕೆ ಸಾಯುತ್ತಿವೆ?

ಪಶುವೈದ್ಯ, ಹಾವೇರಿ ಜಿಲ್ಲೆ (ಜುಲೈ 14)

ತಾಯಿ, ಇವತ್ತು ಈ ಚರ್ಚೆ ಪೂರ್ತಿ ಓದಿದೆ. ನಾನು ದಿನಾ ನೋಡುವುದು ಎಮ್ಮೆ, ಆಡು, ಕೋಳಿ. ಆದರೆ ಹಕ್ಕಿ ಮೇಲೆ ಮೊದಲಿನಿಂದ ಪ್ರೀತಿ ಇದೆ. ನಿಮ್ಮ ಲ್ಯಾಬಿನವರು ತಪ್ಪು ಮಾಡಿಲ್ಲ. ಹಿಕ್ಕೆ ತೆಗೆದ ಹೊತ್ತು ಸರಿ ಇಲ್ಲ, ಅಷ್ಟೇ.

ಕೋಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಲ್ಲರಿಗೂ ಗೊತ್ತು. ಅದು ಐಮೀರಿಯಾ ಜಾತಿ. ಫಿಂಚ್, ಕ್ಯಾನರಿ, ಗುಬ್ಬಿಯಂಥ ಹಕ್ಕಿಗಳಲ್ಲಿ ಹೆಚ್ಚಾಗಿ ಸಿಗುವುದು ಐಸೋಸ್ಪೋರಾ. ಇದಕ್ಕೆ ಒಂದು ವಿಚಿತ್ರ ಗುಣ. ಇದರ ಮೊಟ್ಟೆ, ಅಂದರೆ ಊಸಿಸ್ಟ್, ಇಡೀ ದಿನ ಒಂದೇ ಸಮ ಹೊರಗೆ ಬರುವುದಿಲ್ಲ. ಬೆಳಿಗ್ಗೆ ಹಿಕ್ಕೆಯಲ್ಲಿ ಹುಡುಕಿದರೂ ಸಿಗದೇ ಇರಬಹುದು. ಮಧ್ಯಾಹ್ನ ಇಳಿದ ಮೇಲೆ, ಸಂಜೆ ಹೊತ್ತಿಗೆ, ಅದೇ ಹಕ್ಕಿಯಿಂದ ರಾಶಿ ರಾಶಿ ಬೀಳುತ್ತವೆ. ಬಿಸಿಲಿನ ಝಳ ಇಳಿದ ಮೇಲೆ ಬಿದ್ದರೆ ಬದುಕಿ ಉಳಿಯುತ್ತವೆ ಅನ್ನುವುದು ಇದಕ್ಕೆ ಸಂಶೋಧಕರು ಕೊಡುವ ಕಾರಣ.

ಆದ್ದರಿಂದ ಹೀಗೆ ಮಾಡಿ. ಮಧ್ಯಾಹ್ನ 3 ಗಂಟೆಗೆ ಮರಿಗಳು ಕೂರುವ ಕೋಲಿನ ಕೆಳಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ. ಸಂಜೆ 6ಕ್ಕೆ ಆ ಹಾಳೆ ಮೇಲಿನದನ್ನು ಮಾತ್ರ ಚಿಕ್ಕ ಡಬ್ಬಿಗೆ ಹಾಕಿ, ಎರಡು ಹನಿ ನೀರು ಬಿಟ್ಟು ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೊಡಿ. ಸಂಜೆಯದು ಅಂತ ಚೀಟಿ ಅಂಟಿಸಿ. ಉಪ್ಪಿನ ದ್ರಾವಣದಲ್ಲಿ ತೇಲಿಸಿ ನೋಡಲು ಹೇಳಿ. ಮಂದ ಉಪ್ಪುನೀರಿನಲ್ಲಿ ಕಸ ಕೆಳಗಿಳಿದು ಊಸಿಸ್ಟ್ ಮೇಲೆ ತೇಲುತ್ತವೆ.

ಒಂದು ಮಾತು. ಬೆಂಗಾಲೀಸ್ ಇರುವುದರಿಂದ ಕಾಕ್ಲೋಸೋಮಾ ಅನ್ನುವ ಇನ್ನೊಂದು ಪರೋಪಜೀವಿಯನ್ನೂ ಮರೆಯಬಾರದು. ದೊಡ್ಡ ಬೆಂಗಾಲೀಸ್ ಹಕ್ಕಿ ಅದನ್ನು ಹೊತ್ತುಕೊಂಡು ಆರಾಮಾಗಿ ಇರುತ್ತದೆ, ಮರಿ ಸಾಯುತ್ತದೆ. ಅದು ಇದ್ದರೆ ಹಿಕ್ಕೆಯಲ್ಲಿ ಇಡೀ ಕಾಳು ಕಾಣುವುದು ಹೆಚ್ಚು. ಅದನ್ನು ಹಿಡಿಯಲು ಹಿಕ್ಕೆ ಬೆಚ್ಚಗಿರುವಾಗಲೇ ನೋಡಬೇಕು, ತಣ್ಣಗಾದರೆ ಆ ಜೀವಿ ಸತ್ತು ಕಾಣುವುದಿಲ್ಲ. ಒಂದು ಮರಿಯನ್ನೇ ಜೀವಂತ ಒಯ್ಯಿರಿ.

ಬೆಟಗೇರಿ ಗೌಲ್ಡಿಯನ್, ಗದಗ (ಜುಲೈ 14)

ಡಾಕ್ಟ್ರೇ, ಈ ಕೊನೆಯ ಮಾತು ಓದಿ ಎದೆ ಝಲ್ ಅಂತು. ನಾನು ಗೌಲ್ಡಿಯನ್ ಮೊಟ್ಟೆಗಳನ್ನು ಬೆಂಗಾಲೀಸ್ ಕೆಳಗೆ ಇಟ್ಟು ಮರಿ ಮಾಡಿಸುತ್ತಿದ್ದೆ. ಹಾಗೆ ಬೆಳೆದ ಮರಿ ಎಷ್ಟೋ ಹೋದವು. ಗೌಲ್ಡಿಯನ್ ಸೂಕ್ಷ್ಮ ಜಾತಿ ಅಂತ ಸುಮ್ನೆ ಇದ್ದೆ. ಹಿಕ್ಕೆಯಲ್ಲಿ ಇಡೀ ಕಾಳು ಇರುತ್ತಿತ್ತು, ಈಗ ನೆನಪಾಗುತ್ತಿದೆ. ನಾಳೆಯೇ ಮೂರು ಹಕ್ಕಿ ಒಯ್ದು ತೋರಿಸುತ್ತೇನೆ.

ಮಾಳಮಡ್ಡಿ ಮನೆ, ಧಾರವಾಡ (ಜುಲೈ 17)

ಸಿಕ್ಕಿತು.

ಸಂಜೆಯ ಡಬ್ಬಿಯನ್ನು ಅದೇ ಲ್ಯಾಬಿಗೆ ಒಯ್ದೆ. ಅಲ್ಲಿನ ಹುಡುಗ ಮೊದಲು ಬೇಸರದಿಂದಲೇ ತೆಗೆದುಕೊಂಡ. ಐದು ನಿಮಿಷಕ್ಕೆ ಒಳಗಿನಿಂದ "ಮೇಡಂ, ಬರ್ರಿ, ನೋಡ್ರಿ" ಅಂತ ಕರೆದ. ಮೈಕ್ರೋಸ್ಕೋಪಿನಲ್ಲಿ ನಾನೇ ನೋಡಿದೆ. ದುಂಡು ದುಂಡು ಗುಳ್ಳೆಗಳು. ಅಂಚು ತೆಳುವಾದ ಗೆರೆ ಎಳೆದಂತೆ, ಒಳಗೆ ನಡುವೆ ಒಂದು ಕಪ್ಪು ಉಂಡೆ. ಸ್ಲೈಡ್ ಯಾವ ಕಡೆ ಸರಿಸಿದರೂ ಅವೇ. ಮೂರು ದಿನದ ಹಿಂದೆ ಇದೇ ಹಕ್ಕಿಗಳ ಹಿಕ್ಕೆಯಲ್ಲಿ ಒಂದೂ ಇರಲಿಲ್ಲ.

ಜೀವಂತ ಮರಿಯ ಬಿಸಿ ಹಿಕ್ಕೆಯನ್ನೂ ನೋಡಿದರು. ಓಡಾಡುವ ಜೀವಿ ಕಾಣಲಿಲ್ಲ. ಹೊಸ ಬೆಂಗಾಲೀಸ್ ಜೋಡಿಯ ಸಂಜೆ ಹಿಕ್ಕೆ ಬೇರೆ ಕೊಟ್ಟಿದ್ದೆ. ಅದರಲ್ಲೂ ಐಸೋಸ್ಪೋರಾ ತುಂಬಾ ಇದೆ.

ಸದ್ಯ 6 ಮರಿ ಉಳಿದಿವೆ, ಅದರಲ್ಲಿ 3 ಉಬ್ಬಿಸಿ ಕೂತಿವೆ. ಚಿನ್ನ ತೂಗುವ ಸಣ್ಣ ಕಾಟಾ ಮೇಲೆ ಪೇಪರ್ ಕಪ್ಪಿನಲ್ಲಿಟ್ಟು ತೂಗಿದೆ. ಚೆನ್ನಾಗಿರುವವು 11.5 ಗ್ರಾಂ ಆಸುಪಾಸು. ಕಾಯಿಲೆಯವು 8.9, 8.6, 8.1. ಮುಂದೇನು ಡಾಕ್ಟ್ರೇ?

ಪಶುವೈದ್ಯ, ಹಾವೇರಿ ಜಿಲ್ಲೆ (ಜುಲೈ 17)

ಒಳ್ಳೆಯ ಕೆಲಸ ಮಾಡಿದಿರಿ ತಾಯಿ. ಔಷಧಿಯ ಪ್ರಮಾಣ ನಾನು ಇಲ್ಲಿ ಬರೆಯುವುದಿಲ್ಲ. ಕೋಳಿಯ ಬಾಟಲಿ ಮೇಲಿನ ಲೆಕ್ಕ ಹಿಡಿದು 9 ಗ್ರಾಂ ಮರಿಗೆ ಯಾರೋ ಹಾಕುತ್ತಾರೆ, ಒಂದು ಹನಿ ಜಾಸ್ತಿ ಆದರೂ ಕಷ್ಟ. ನಿಮ್ಮ ಹತ್ತಿರದ ವೈದ್ಯರಿಗೆ ಟಾಲ್ಟ್ರಾಜುರಿಲ್ ಬಗ್ಗೆ ಕೇಳಿ. ತೂಕದ ಚೀಟಿ ಒಯ್ಯಿರಿ.

ಔಷಧಿ ನೀರು ಕೊಡುವ ದಿನಗಳಲ್ಲಿ ಸೌತೆಕಾಯಿ, ಸೊಪ್ಪು, ಸ್ನಾನದ ತಟ್ಟೆ ಎಲ್ಲ ತೆಗೆಯಿರಿ. ಬೇರೆ ಕಡೆ ನೀರಿನಂಶ ಸಿಕ್ಕರೆ ಔಷಧಿ ನೀರು ಮುಟ್ಟುವುದಿಲ್ಲ. ಜೀಬ್ರಾ ಮೂಲದಲ್ಲಿ ಆಸ್ಟ್ರೇಲಿಯಾದ ಒಣನೆಲದ ಹಕ್ಕಿ, ನೀರು ಕಡಿಮೆ ಇದ್ದರೂ ತಡೆಯುತ್ತದೆ. ಧಾರವಾಡದ ಈ ತಂಪಿನಲ್ಲಂತೂ ಇನ್ನೂ ಕಡಿಮೆ ಕುಡಿಯುತ್ತದೆ. ಅದಕ್ಕೇ ಆ ಮೂರು ಮರಿಗಳಿಗೆ ವೈದ್ಯರ ಕೈಯಿಂದ ಕೊಕ್ಕಿಗೇ ಹನಿ ಹಾಕಿಸಿ. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಬಲ್ಬಿನ ಬಿಸಿಗೆ ಇಡಿ, 30 ಡಿಗ್ರಿ ಸಾಕು. ಬಲ್ಬು ಒಂದೇ ಬದಿಗೆ ಇರಲಿ. ಬಿಸಿ ಹೆಚ್ಚಾದರೆ ಮರಿ ತಾನೇ ಸರಿದುಕೊಳ್ಳಬೇಕು.

ಔಷಧಿಗಿಂತ ನಾನು ಜಾಸ್ತಿ ನಂಬುವುದು ನೆಲವನ್ನು. ಊಸಿಸ್ಟ್ ಹೊರಗೆ ಬಿದ್ದ ಕೂಡಲೇ ರೋಗ ಹರಡುವುದಿಲ್ಲ. ತೇವ, ಬಿಸಿ, ಗಾಳಿ ಸಿಕ್ಕಿ ಅದು ಹಣ್ಣಾಗಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು. ದಿನಾ ಹಿಕ್ಕೆ ತೆಗೆದರೆ ಹಣ್ಣಾಗುವ ಮೊದಲೇ ಹೊರಗೆ ಹೋಯಿತು. ನಿಮ್ಮ ಹಸಿ ಮರಳು ಅದಕ್ಕೆ ಸಸಿಮಡಿ ಆಗಿತ್ತು. ಮರಳು ಪೂರ್ತಿ ತೆಗೆಯಿರಿ. ಫಿನೈಲ್, ಬ್ಲೀಚಿಂಗ್ ಪುಡಿ ಇದನ್ನು ಕೊಲ್ಲುವುದಿಲ್ಲ, ಗೋಡೆ ಅಷ್ಟು ಗಟ್ಟಿ. ಕುದಿಯುವ ನೀರು ಹೊಯ್ಯಿರಿ, ಒಣಗಿಸಿ. ಕುಡಿಕೆಗಳನ್ನು ಕುದಿಸಿ. ಕೂರುವ ಕೋಲು ಕಾಳಿನ ತಟ್ಟೆ ಮೇಲೆ ಬರದಂತೆ ಸರಿಸಿ.

ಕಾಳಿನ ಅಂಗಡಿ, ರಾಣೆಬೆನ್ನೂರು (ಜುಲೈ 18)

ಕಾಳಿನ ತಪ್ಪಲ್ಲ ಅಂತ ಗೊತ್ತಾಗಿ ಸಮಾಧಾನ ಆಯಿತು ಅಕ್ಕಾರ. ಆದರೂ ಮಳೆಗಾಲ ಮುಗಿಯುವವರೆಗೆ 15 ದಿನಕ್ಕೆ ಆಗುವಷ್ಟೇ ತನ್ನಿ.

ಹೊಸಬ, ನವನಗರ (ಜುಲೈ 18)

ನಾನೂ ಫಿಂಚ್ ಶುರು ಮಾಡಬೇಕು ಅಂತಿದ್ದೇನೆ. ನಮ್ಮ ಕಡೆ ಹೊಲದಲ್ಲಿ ಫಿಂಚ್ ತರಹದ ರಾಟವಾಳ ಹಕ್ಕಿ ಬಹಳ ಬರುತ್ತವೆ. ಅವು ಇಲ್ಲಿನ ಹವೆಗೆ ಒಗ್ಗಿದವು, ರೋಗ ಕಡಿಮೆ ಅಲ್ವಾ? ಹಿಡಿದು ಸಾಕಬಹುದಾ?

ಕೇಶ್ವಾಪುರ ಫಿಂಚ್, ಹುಬ್ಬಳ್ಳಿ (ಜುಲೈ 18)

ಬೇಡ ತಮ್ಮಾ. ನಮ್ಮ ಕಾಡು, ಹೊಲದ ಹಕ್ಕಿ ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಬದಿಗಿಟ್ಟರೂ, ಹೊಲದ ಹಕ್ಕಿ ಪಂಜರಕ್ಕೆ ಬಡಿದುಕೊಂಡು ಸಾಯುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಎರಡು ಜೋಡಿ ಜೀಬ್ರಾದಿಂದ ಶುರು ಮಾಡು. ಆಮೇಲೆ ಯಾವ ಹಕ್ಕಿ ತಂದರೂ ಒಂದು ತಿಂಗಳು ಬೇರೆ ಕೋಣೆಯಲ್ಲಿಡು. ಸಂಜೆ ಹಿಕ್ಕೆ ಪರೀಕ್ಷೆ ಮಾಡಿಸು. ಅಕ್ಕಾರಿಗೆ ಆದದ್ದು ನಿನಗೆ ಆಗಬಾರದು.

ಬೆಟಗೇರಿ ಗೌಲ್ಡಿಯನ್, ಗದಗ (ಜುಲೈ 22)

ನನ್ನ ಹಕ್ಕಿಗಳಲ್ಲಿ ಸಿಕ್ಕಿದ್ದು ಕಾಕ್ಲೋಸೋಮಾನೇ. ಬೆಂಗಾಲೀಸ್ ಹಿಕ್ಕೆ ಬಿಸಿ ಇರುವಾಗ ನೋಡಿದರು, ಗಿರಗಿರ ತಿರುಗುತ್ತಾ ಓಡಾಡುತ್ತಿದ್ದವು. ಔಷಧಿ ಬೇರೆ ಕೊಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಅಕ್ಕಾರ ಮರಿಗಳೂ ನನ್ನವೂ ಒಂದೇ ತರಹ ಸತ್ತವು. ಒಳಗಿನ ರೋಗ ಬೇರೆ, ಮದ್ದೂ ಬೇರೆ.

ಡಾಕ್ಟ್ರೇ, ಚೇತರಿಕೆಗೆ ವಿಟಮಿನ್ ಕೊಡಬಹುದಾ?

ಪಶುವೈದ್ಯ, ಹಾವೇರಿ ಜಿಲ್ಲೆ (ಜುಲೈ 22)

ಔಷಧಿ ಮುಗಿದ ಮೇಲೆ ಕೊಡಿ. ಓದುವ ಬೇರೆಯವರಿಗೂ ಹೇಳುತ್ತೇನೆ, ಕಾಕ್ಸಿಡಿಯಾಕ್ಕೆ ಆಂಪ್ರೋಲಿಯಂ ಕೊಡುತ್ತಿದ್ದರೆ ಆ ದಿನಗಳಲ್ಲಿ ಬಿ1 ವಿಟಮಿನ್ ಕೊಡಲೇಬಾರದು. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರೋಪಜೀವಿಗೆ ಬಿ1 ಸಿಗದಂತೆ ತಡೆದು. ನೀವು ವಿಟಮಿನ್ ಸುರಿದರೆ ಔಷಧಿ ವ್ಯರ್ಥ.

ಮಾಳಮಡ್ಡಿ ಮನೆ, ಧಾರವಾಡ (ಆಗಸ್ಟ್ 9)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 8.1 ಗ್ರಾಂ ಇದ್ದ ಮರಿ ಔಷಧಿ ಶುರುವಾದ ಮರುದಿನವೇ ಹೋಯಿತು. ಅದು 13ನೆಯದು. ಆಮೇಲೆ ಒಂದೂ ಸತ್ತಿಲ್ಲ, 22 ದಿನ ಆಯಿತು. ಇನ್ನೆರಡು ಕಾಯಿಲೆ ಮರಿಗಳು ಈಗ 11.2 ಮತ್ತು 11.8 ಗ್ರಾಂ. ಒಂದು ಗಂಡು, ಕೆನ್ನೆಗೆ ಕಿತ್ತಳೆ ಬಣ್ಣ ಏರುತ್ತಿದೆ.

ಮರಳು ಎಂಟು ಬುಟ್ಟಿ ಹೊರಗೆ ಹಾಕಿದೆವು. ತಗಡಿನ ಟ್ರೇ, ಮೇಲೆ ಜಾಲರಿ ಮಾಡಿಸಿದ್ದೇವೆ. ಹಿಕ್ಕೆ ಜಾಲರಿಯಿಂದ ಕೆಳಗೆ ಬೀಳುತ್ತದೆ, ಮರಿಯ ಕೊಕ್ಕು ಅಲ್ಲಿಗೆ ಮುಟ್ಟುವುದಿಲ್ಲ. ದಿನಾ ಕಾಗದ ಬದಲಿಸುವ ಕೆಲಸ ಮಗಳದು. ಶಾಲೆಗೆ ಹೋಗುವ ಮೊದಲು ಮಾಳಿಗೆ ಹತ್ತುತ್ತಾಳೆ. ಕುಡಿಕೆ ಎಲ್ಲ ಇಳಿಸಿಟ್ಟಿದ್ದೇನೆ. ದೀಪಾವಳಿವರೆಗೆ ಮರಿ ಮಾಡಿಸುವುದಿಲ್ಲ. ಮೊನ್ನೆ ಸಂಜೆ 6ರ ಹಿಕ್ಕೆ ಮತ್ತೆ ಕೊಟ್ಟೆ. ಇಡೀ ಸ್ಲೈಡಿಗೆ ಎರಡೇ ಕಂಡವು. ಡಾಕ್ಟ್ರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.

ಹೊಸಬ, ನವನಗರ (ಆಗಸ್ಟ್ 9)

ಅಕ್ಕಾರ, ಜಾಲರಿ ಎಷ್ಟು ಅಳತೆಯದು? ಟ್ರೇಯಿಂದ ಎಷ್ಟು ಎತ್ತರ?

ಮಾಳಮಡ್ಡಿ ಮನೆ, ಧಾರವಾಡ (ಆಗಸ್ಟ್ 10)

ಅರ್ಧ ಇಂಚಿನ ಚೌಕದ ವೆಲ್ಡ್ ಮೆಶ್. ಟ್ರೇಯಿಂದ 3 ಇಂಚು ಮೇಲೆ. ಅಂಚಿನ ತಂತಿ ತುದಿಗಳನ್ನು ಮಡಚಿಸಿ ಹಾಕಿಸಿ, ಇಲ್ಲದಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಟ್ರೇ ಎರಡು ತುಂಡು ಮಾಡಿಸಿ, ಒಂದೇ ಆದರೆ ಎಳೆಯಲು ಭಾರ.